ಮನೆಯ ಕೈತೋಟ (ಕೋಲಾರ ಜಿಲ್ಲೆ)

ಕೈತೋಟ ಎಂದರೆ ಒಂದು ಕುಟುಂಬವು ತನ್ನ ದಿನಬಳಕೆಗೆ ಬೇಕಾದ ತರಕಾರಿ, ಸೊಪ್ಪು ಮತ್ತು ಕೆಲವು ಹಣ್ಣುಗಳನ್ನು ಮನೆಯ ಹಿತ್ತಿಲು, ಅಂಗಳ ಅಥವಾ ಮನೆಗೆ ಹತ್ತಿರದ ಜಮೀನಿನ ತುಂಡಿನಲ್ಲಿ ತಾನೇ ಬೆಳೆದುಕೊಳ್ಳುವ ಸಣ್ಣ ತೋಟ. ಕರ್ನಾಟಕದ ಪೂರ್ವದ ಗಡಿಯಲ್ಲಿರುವ ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೈತೋಟಕ್ಕೆ ವಿಶೇಷ ಮಹತ್ವವಿದೆ. ಈ ತಾಲ್ಲೂಕುಗಳು ಬೆಂಗಳೂರು, ಚೆನ್ನೈ ಮುಂತಾದ ನಗರಗಳಿಗೆ ಟೊಮೇಟೊ ಮತ್ತು ಇತರ ತರಕಾರಿಗಳನ್ನು ದೊಡ್ಡ ಪ್ರಮಾಣದಲ್ಲಿ ಕಳುಹಿಸುತ್ತವೆ. ಆದರೂ ನೀರಾವರಿ ಇಲ್ಲದ ಸಣ್ಣ ಹಿಡುವಳಿದಾರರು ಮತ್ತು ಕೃಷಿ ಕೂಲಿಕಾರರ ಮನೆಗಳು ಅಡುಗೆಯ ತರಕಾರಿಯನ್ನು ಸಂತೆಯಿಂದ ಕೊಂಡು ತರುತ್ತವೆ. ಮಾರುಕಟ್ಟೆಯ ಬೆಲೆ ಏರಿದಾಗ ಮೊದಲು ಕಡಿಮೆಯಾಗುವುದು ಇಂತಹ ಮನೆಗಳ ತಟ್ಟೆಯಲ್ಲಿನ ಸೊಪ್ಪು, ತರಕಾರಿಯೇ ಆಗಿರುತ್ತದೆ. ಆದುದರಿಂದ ಕೈತೋಟವನ್ನು ಇಲ್ಲಿ ಹವ್ಯಾಸವೆನ್ನುವುದಕ್ಕಿಂತ ಕುಟುಂಬದ ಸ್ವಾವಲಂಬನೆಯ ಮೊದಲ ಹೆಜ್ಜೆಯೆಂದು ಪರಿಗಣಿಸಲಾಗುತ್ತದೆ.

## ಹೆಸರು ಮತ್ತು ವ್ಯಾಖ್ಯೆ

ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ಮನೆಯ ಹಿಂಭಾಗದ ತೆರೆದ ಜಾಗಕ್ಕೆ ಹಿತ್ತಿಲು ಅಥವಾ ಹಿತ್ತಲು ಎಂದು ಹೆಸರು. ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ, ಕೆಸುವು, ದೊಡ್ಡಪತ್ರೆ; ಬೇಲಿಯ ಮೇಲೆ ಹೀರೆ, ಸೋರೆ, ಚಪ್ಪರದವರೆ; ಮೂಲೆಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು ಇರುವುದು ಹಳೆಯ ಹಿತ್ತಿಲಿನ ಸಾಮಾನ್ಯ ರೂಪ. ಕೈಯಲ್ಲಿರುವ ವಸ್ತುವಿನ ಬೆಲೆ ತಿಳಿಯದಿರುವುದನ್ನು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿರುವ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯೂ ಈ ರೂಢಿಯಿಂದಲೇ ಹುಟ್ಟಿದುದು.

ತೋಟಗಾರಿಕೆ ಶಾಸ್ತ್ರದಲ್ಲಿ ಕೈತೋಟವನ್ನು ಮಾರುಕಟ್ಟೆ ತೋಟದಿಂದ ಪ್ರತ್ಯೇಕಿಸಲಾಗುತ್ತದೆ. ಮಾರುಕಟ್ಟೆ ತೋಟದಲ್ಲಿ ಒಂದೆರಡು ಬೆಳೆಗಳನ್ನು ಒಮ್ಮೆಗೇ ಕೊಯ್ಲಿಗೆ ಬರುವಂತೆ ಬೆಳೆಯುತ್ತಾರೆ. ಕೈತೋಟದಲ್ಲಿ ಹಲವು ಬೆಳೆಗಳನ್ನು ಸ್ವಲ್ಪಸ್ವಲ್ಪವಾಗಿ, ವರ್ಷದ ಎಲ್ಲ ವಾರಗಳಲ್ಲಿಯೂ ಏನಾದರೊಂದು ಸಿಗುವಂತೆ ಬೆಳೆಯುತ್ತಾರೆ. ಇತ್ತೀಚಿನ ಸರ್ಕಾರಿ ಯೋಜನೆಗಳಲ್ಲಿ ಇದಕ್ಕೆ ‘ಪೌಷ್ಟಿಕ ಕೈತೋಟ’, ‘ಪೋಷಣ ವಾಟಿಕಾ’ ಎಂಬ ಹೆಸರುಗಳೂ ಇವೆ.

## ಭೌಗೋಳಿಕ ಹಿನ್ನೆಲೆ

ಕೋಲಾರ ಜಿಲ್ಲೆ ಪೂರ್ವದ ಒಣ ವಲಯಕ್ಕೆ ಸೇರಿದೆ. ವಾರ್ಷಿಕ ಸರಾಸರಿ ಮಳೆ ಸುಮಾರು 700ರಿಂದ 750 ಮಿ.ಮೀ. ಇದರ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಮತ್ತು ಮಾರ್ಕಂಡೇಯ ನದಿಗಳು ಮಳೆಗಾಲದಲ್ಲಿ ಮಾತ್ರ ಹರಿಯುತ್ತವೆ. ಈ ಕೊರತೆಯನ್ನು ತುಂಬಲು ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳ ಸರಣಿಯನ್ನು ಕಟ್ಟಿದ್ದರು.

ಕೆರೆಗಳಲ್ಲಿ ಹೂಳು ತುಂಬಿ, ತೆರೆದ ಬಾವಿಗಳು ಬತ್ತಿದ ಬಳಿಕ ಜಿಲ್ಲೆಯ ಕೃಷಿ ಕೊಳವೆಬಾವಿಗಳನ್ನು ಅವಲಂಬಿಸಿತು. ಹಲವೆಡೆ ಕೊಳವೆಬಾವಿಗಳು 1,000 ಅಡಿಗೂ ಆಳಕ್ಕಿಳಿದಿವೆ. ಆಳದ ನೀರಿನಲ್ಲಿ ಫ್ಲೋರೈಡ್ ಅಂಶವು ಕುಡಿಯುವ ನೀರಿಗೆ ನಿಗದಿಯಾದ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ಮೀರಿರುವ ಗ್ರಾಮಗಳೂ ಇವೆ. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಸೇರಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಗುರಿಯುಳ್ಳ ಈ ಯೋಜನೆಯ ಉದ್ದೇಶ ಅಂತರ್ಜಲದ ಮರುಪೂರಣ. ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸುವುದರಿಂದ ಅದರ ಗುಣಮಟ್ಟದ ಬಗ್ಗೆ ಸಾರ್ವಜನಿಕ ಚರ್ಚೆ ಮತ್ತು ನ್ಯಾಯಾಲಯದ ವಿಚಾರಣೆಗಳು ನಡೆದಿವೆ. ಕೆರೆಯಿಂದ ನೇರವಾಗಿ ಎತ್ತಿದ ಈ ನೀರು ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ತಕ್ಕುದಲ್ಲ.

ಮಣ್ಣು ಬಹುಪಾಲು ಕೆಂಪು ಮರಳುಮಿಶ್ರಿತ ಗೋಡು. ಇದು ನೀರನ್ನು ಬೇಗ ಬಸಿಯುತ್ತದೆ, ಬೇಗ ಒಣಗುತ್ತದೆ, ಸಾವಯವ ಅಂಶ ಇದರಲ್ಲಿ ಕಡಿಮೆ. ಆದರೆ ಉಳುಮೆಗೆ ಸುಲಭ. ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರಿಗಿಂತ ಎತ್ತರದಲ್ಲಿರುವ ಕೋಲಾರ, ಮಾಲೂರು ಭಾಗಗಳಲ್ಲಿ ಚಳಿಗಾಲ ಹಿತವಾಗಿರುವುದರಿಂದ ಕೋಸು, ಕ್ಯಾರೆಟ್, ಬೀಟ್‌ರೂಟ್‌ಗಳೂ ಬರುತ್ತವೆ.

## ಇತಿಹಾಸ

### ಅಕ್ಕಡಿ ಮತ್ತು ಹಿತ್ತಿಲು

ಈ ಭಾಗದ ಕುಟುಂಬಗಳ ಸಾಂಪ್ರದಾಯಿಕ ಆಹಾರ ಎರಡು ಮೂಲಗಳಿಂದ ಬರುತ್ತಿತ್ತು. ಮೊದಲನೆಯದು ಅಕ್ಕಡಿ ಪದ್ಧತಿಯ ರಾಗಿ ಹೊಲ. ರಾಗಿಯ ಸಾಲುಗಳ ನಡುನಡುವೆ ಅವರೆ, ಅಲಸಂದೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳುಗಳನ್ನು ಬಿತ್ತಲಾಗುತ್ತಿತ್ತು. ಇದರಿಂದ ಒಂದೇ ಹೊಲದಲ್ಲಿ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಗಳಿಗೆ ಮೇವು ದೊರೆಯುತ್ತಿದ್ದವು. ಎರಡನೆಯದು ಹಿತ್ತಿಲು ಮತ್ತು ಹೊಲದ ಬದುಗಳ ಸೊಪ್ಪು. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ಕೀರೆ, ಚಕ್ಕೋತ, ದಂಟು ಮೊದಲಾದ ಹಲವು ಸೊಪ್ಪುಗಳನ್ನು ಒಟ್ಟುಗೂಡಿಸಿ ಬೇಯಿಸುವ ಬೆರಕೆ ಸೊಪ್ಪಿನ ಸಾರು, ಮಸ್ಸೊಪ್ಪು, ಬಸ್ಸಾರುಗಳು ಇಂದಿಗೂ ಜಿಲ್ಲೆಯ ಅಡುಗೆಯ ಗುರುತುಗಳಾಗಿವೆ. ಕನ್ನಡ ಮತ್ತು ತೆಲುಗು ಎರಡನ್ನೂ ಆಡುವ ಮುಳಬಾಗಿಲು, ಶ್ರೀನಿವಾಸಪುರದ ಗ್ರಾಮಗಳಲ್ಲಿ ಒಂದೇ ಸೊಪ್ಪಿಗೆ ಎರಡು ಹೆಸರುಗಳು ಬಳಕೆಯಲ್ಲಿರುವುದುಂಟು.

### ಮಾರುಕಟ್ಟೆ ಬೆಳೆಗಳ ಕಾಲ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕ ದೇಶಗಳು ಮನೆಯಂಗಳದಲ್ಲಿ ತರಕಾರಿ ಬೆಳೆಯಲು ನಾಗರಿಕರಿಗೆ ಕರೆ ನೀಡಿದ್ದವು. 1940ರ ದಶಕದ ಭಾರತದಲ್ಲಿಯೂ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ನಡೆಯಿತು. ಅನಂತರದ ದಶಕಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ಕೃಷಿಯ ದಿಕ್ಕು ಮಾರುಕಟ್ಟೆಯ ಕಡೆಗೆ ತಿರುಗಿತು. ರೇಷ್ಮೆ, ಹೈನುಗಾರಿಕೆ, ಮಾವು, ಟೊಮೇಟೊ, ಆಲೂಗಡ್ಡೆ, ಕೋಸುಗಳು ನಗದು ತಂದವು. ಒಣಭೂಮಿಯ ಒಂದು ಪಾಲು ನೀಲಗಿರಿ ತೋಪುಗಳಾಯಿತು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಹೀಗೆ ಹೊಲ ಏಕಬೆಳೆಗೆ ಒಗ್ಗಿದಂತೆ ಅಕ್ಕಡಿ ಸಾಲುಗಳು ಕಡಿಮೆಯಾದವು. ಕಳೆನಾಶಕದ ಬಳಕೆ ಹೆಚ್ಚಿದ ಕಡೆ ಬದುವಿನ ಸೊಪ್ಪುಗಳೂ ಇಲ್ಲವಾದವು.

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ಟೊಮೇಟೊ ಮಾರುಕಟ್ಟೆ ಇದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಟೊಮೇಟೊ ಬಾಕ್ಸ್ ಒಂದರ ಬೆಲೆ 2,000 ರೂಪಾಯಿಗಳನ್ನು ದಾಟಿತ್ತು. ಬೆಲೆ ಕುಸಿದ ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದಾರೆ. 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಸಮಯದಲ್ಲಿ ಸಾಗಾಟ ಮತ್ತು ಸಂತೆಗಳಿಗೆ ಅಡ್ಡಿಯಾದಾಗ, ಬೆಳೆದವರಿಗೆ ಕೊಳ್ಳುವವರು ಸಿಗದ ಹಾಗೂ ಕೊಳ್ಳುವವರಿಗೆ ತರಕಾರಿ ಸಿಗದ ಸ್ಥಿತಿ ಏಕಕಾಲದಲ್ಲಿ ಉಂಟಾಯಿತು. ಕೈತೋಟದ ಕುರಿತ ಆಸಕ್ತಿ ಮತ್ತೆ ಬೆಳೆಯಲು ಈ ಅನುಭವಗಳೂ ಕಾರಣವಾಗಿವೆ.

## ಆಹಾರದ ಅಗತ್ಯ ಮತ್ತು ಸ್ವಾವಲಂಬನೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2011ರ ಆಹಾರ ಮಾರ್ಗಸೂಚಿಯು ವಯಸ್ಕರಿಗೆ ದಿನಕ್ಕೆ 300 ಗ್ರಾಂ. ತರಕಾರಿಯನ್ನು ಸೂಚಿಸಿತ್ತು. ಇದರಲ್ಲಿ 50 ಗ್ರಾಂ. ಸೊಪ್ಪು, 50 ಗ್ರಾಂ. ಗೆಡ್ಡೆಗೆಣಸು ಹಾಗೂ 200 ಗ್ರಾಂ. ಇತರ ತರಕಾರಿ ಸೇರಿವೆ. ಆ ಬಳಿಕದ ಶಿಫಾರಸುಗಳು ಈ ಪ್ರಮಾಣವನ್ನು ಇನ್ನೂ ಹೆಚ್ಚಿಸಿವೆ. 300 ಗ್ರಾಂ. ಎಂದೇ ಹಿಡಿದರೂ ಐದು ಜನರ ಕುಟುಂಬಕ್ಕೆ ದಿನಕ್ಕೆ ಒಂದೂವರೆ ಕೆ.ಜಿ., ವರ್ಷಕ್ಕೆ ಸುಮಾರು 550 ಕೆ.ಜಿ. ತರಕಾರಿ ಬೇಕಾಗುತ್ತದೆ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೂ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೂ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಊಟದಲ್ಲಿ ಕಬ್ಬಿಣಾಂಶ ಮತ್ತು ಜೀವಸತ್ವಗಳ ಕೊರತೆ ಅವುಗಳಲ್ಲಿ ಮುಖ್ಯವಾದುದು. ನುಗ್ಗೆ, ದಂಟು, ಚಕ್ಕೋತ ಮುಂತಾದ ಸೊಪ್ಪುಗಳು ಈ ಪೋಷಕಾಂಶಗಳ ಅಗ್ಗದ ಮೂಲಗಳು. ಸೊಪ್ಪಿನ ಸಾರಿಗೆ ನಿಂಬೆರಸ ಸೇರಿಸಿದರೆ ‘ಸಿ’ ಜೀವಸತ್ವವು ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಇದಕ್ಕೆ ಅಡ್ಡಿಯಾಗುತ್ತದೆ.

ಐದಾರು ಜನರ ಕುಟುಂಬಕ್ಕೆ ಸುಮಾರು 200 ಚದರ ಮೀಟರ್, ಅಂದರೆ ಎರಡು ಗುಂಟೆ ಜಾಗ ಸಾಕೆಂದು ತೋಟಗಾರಿಕೆಯ ಪಠ್ಯಗಳು ಹೇಳುತ್ತವೆ. ಕಾಲುದಾರಿ, ಗೊಬ್ಬರದ ಗುಂಡಿ ಮತ್ತು ಮರಗಳಿಗೆ ಬಿಟ್ಟು ಇದರಲ್ಲಿ 150 ಚದರ ಮೀಟರ್ ಪಾತಿಗಳಿಗೆ ಸಿಗುತ್ತದೆ ಎನ್ನಬಹುದು. ಒಂದು ಬೆಳೆಗೆ ಚದರ ಮೀಟರಿಗೆ 1 ಕೆ.ಜಿ. ಇಳುವರಿಯೆಂದು ಲೆಕ್ಕ ಹಿಡಿದರೆ ವರ್ಷದ ಎರಡು ಬೆಳೆಗಳಿಂದ 300 ಕೆ.ಜಿ. ದೊರೆಯುತ್ತದೆ. ಇದು ಕುಟುಂಬದ ಅಗತ್ಯದ ಅರ್ಧಕ್ಕಿಂತ ತುಸು ಹೆಚ್ಚು. ಮೂರನೆಯ ಬೆಳೆಗೂ ನೀರು ಒದಗಿದರೆ 450 ಕೆ.ಜಿ. ತಲುಪುತ್ತದೆ. ಆಲೂಗಡ್ಡೆ, ಈರುಳ್ಳಿಗಳಂತಹ ಜಾಗ ಬೇಡುವ ಬೆಳೆಗಳನ್ನು ಹೊರಗಿನಿಂದ ಕೊಂಡು, ಬೇಗ ಬಾಡುವ ಸೊಪ್ಪು ಮತ್ತು ಹಸಿ ತರಕಾರಿಗಳನ್ನು ಮನೆಯಲ್ಲಿ ಬೆಳೆಯುವುದು ರೂಢಿಯಲ್ಲಿರುವ ಕ್ರಮ.

ಸೊಪ್ಪಿನ ಲೆಕ್ಕ ಇನ್ನೂ ಸುಲಭ. ಐದು ಜನರಿಗೆ ದಿನಕ್ಕೆ 250 ಗ್ರಾಂ. ಎಂದರೆ ತಿಂಗಳಿಗೆ ಏಳೂವರೆ ಕೆ.ಜಿ. ಸೊಪ್ಪು ಬೇಕು. ದಂಟು, ಹರಿವೆ ಸೊಪ್ಪುಗಳು ಬಿತ್ತಿದ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ, ವಾರಕ್ಕೊಂದು ಪಾತಿಯಂತೆ ಬಿತ್ತುತ್ತ ಹೋದರೆ 10 ಚದರ ಮೀಟರ್ ಜಾಗದಲ್ಲಿಯೇ ಮನೆಯ ಸೊಪ್ಪಿನ ಅಗತ್ಯ ಪೂರೈಸಬಹುದು. ಈ ಕಾರಣದಿಂದ ಹೊಸದಾಗಿ ಆರಂಭಿಸುವವರಿಗೆ ಎರಡು ಗುಂಟೆಯ ತೋಟಕ್ಕಿಂತ ನಾಲ್ಕೈದು ಸೊಪ್ಪಿನ ಪಾತಿಗಳೇ ಯೋಗ್ಯ.

## ನೀರಿನ ನಿರ್ವಹಣೆ

ಕೋಲಾರದ ಕೈತೋಟದ ಗಾತ್ರವನ್ನು ನಿರ್ಧರಿಸುವುದು ಜಾಗಕ್ಕಿಂತ ಹೆಚ್ಚಾಗಿ ನೀರು. ಬೇಸಿಗೆಯಲ್ಲಿ ದಿನವೊಂದಕ್ಕೆ ಸುಮಾರು 5 ಮಿ.ಮೀ. ನೀರು ಮಣ್ಣು ಮತ್ತು ಎಲೆಗಳಿಂದ ಆವಿಯಾಗುತ್ತದೆ ಎಂದು ಹಿಡಿದರೆ, ಚದರ ಮೀಟರಿಗೆ 5 ಲೀಟರ್ ನೀರು ಬೇಕು. 150 ಚದರ ಮೀಟರಿನ ಪಾತಿಗಳಿಗೆ ದಿನಕ್ಕೆ 750 ಲೀಟರ್ ಬೇಕಾಗುತ್ತದೆ. 10 ಚದರ ಮೀಟರಿಗಾದರೆ 50 ಲೀಟರ್, ಅಂದರೆ ಮೂರ್ನಾಲ್ಕು ಬಿಂದಿಗೆ ನೀರು ಸಾಕು.

- ಬಚ್ಚಲ ನೀರು: ಜಲಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ಮಾನದಂಡವಾಗಿಟ್ಟುಕೊಂಡಿದೆ. ಇದರಂತೆ ಐದು ಜನರ ಮನೆಗೆ 275 ಲೀಟರ್ ಬರುತ್ತದೆ. ಅದರ ಮೂರರಲ್ಲಿ ಎರಡು ಪಾಲು ಬಳಸಿದ ನೀರಾಗಿ ಹೊರಬಂದರೆ ಸುಮಾರು 180 ಲೀಟರ್ ಆಯಿತು. ಬೇಸಿಗೆಯಲ್ಲಿಯೂ 35 ಚದರ ಮೀಟರ್ ಜಾಗಕ್ಕೆ ಇದು ಸಾಕು. ಈ ನೀರನ್ನು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಸೋಸಿ ಬಾಳೆ, ನುಗ್ಗೆ, ಪಪ್ಪಾಯಿ ಮತ್ತು ಚಪ್ಪರದ ಬಳ್ಳಿಗಳ ಬುಡಕ್ಕೆ ಹರಿಸಲಾಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳಿಗೆ ಇದನ್ನು ಬಳಸಬಾರದು. ಬಟ್ಟೆ ಸೋಪಿನ ಪುಡಿ ಹೆಚ್ಚಾಗಿರುವ ನೀರು ಮಣ್ಣನ್ನು ಕ್ಷಾರಗೊಳಿಸುವುದರಿಂದ ಅದನ್ನು ಬೇರೆಯಾಗಿಯೇ ಬಿಡಬೇಕು. ಶೌಚಾಲಯದ ನೀರು ಇದರೊಂದಿಗೆ ಸೇರಕೂಡದು.
- ಚಾವಣಿ ಮಳೆನೀರು: 50 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಶೇ. 80 ಸಂಗ್ರಹವಾದರೆ 28,000 ಲೀಟರ್ ಆಗುತ್ತದೆ. ಇಷ್ಟನ್ನೂ ಹಿಡಿದಿಡುವ ತೊಟ್ಟಿ ದುಬಾರಿ. ಆದರೆ ಎರಡು ಮಳೆಗಳ ನಡುವಿನ ಬಿಡುವನ್ನು ದಾಟಿಸಲು ಸಣ್ಣ ತೊಟ್ಟಿಯೂ ನೆರವಾಗುತ್ತದೆ.
- ಪಾತಿಯ ರೂಪ: ಒಣ ತಿಂಗಳುಗಳಲ್ಲಿ ನೆಲಮಟ್ಟಕ್ಕಿಂತ ಮೂರ್ನಾಲ್ಕು ಅಂಗುಲ ತಗ್ಗಾದ ಪಾತಿಗಳು ನೀರನ್ನು ಹಿಡಿದಿಡುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಹಸ್ತ, ಚಿತ್ತಾ ಮಳೆಗಳಲ್ಲಿ ಬೇರು ಕೊಳೆಯದಂತೆ ಏರುಪಾತಿಗಳನ್ನು ಮಾಡುತ್ತಾರೆ.
- ಮುಚ್ಚಿಗೆ: ರಾಗಿ ಹುಲ್ಲು, ಒಣ ಎಲೆ, ಅವರೆಯ ಹೊಟ್ಟುಗಳನ್ನು ಗಿಡಗಳ ಬುಡದಲ್ಲಿ ಹರಡಿದರೆ ನೀರು ಆವಿಯಾಗುವುದು ತಗ್ಗುತ್ತದೆ, ಕಳೆಯೂ ಕಡಿಮೆಯಾಗುತ್ತದೆ.

ನೀರಿನ ಲಭ್ಯತೆಗೆ ತಕ್ಕಂತೆ ತೋಟವನ್ನು ಹಿಗ್ಗಿಸುವುದು ಮತ್ತು ಕುಗ್ಗಿಸುವುದು ಈ ಪ್ರದೇಶದ ಕೈತೋಟದ ಲಕ್ಷಣ. ಮಳೆಗಾಲದಲ್ಲಿ ಎರಡು ಗುಂಟೆಯಿರುವ ತೋಟ ಏಪ್ರಿಲ್ ವೇಳೆಗೆ ಬಚ್ಚಲ ನೀರು ತಲುಪುವಷ್ಟು ಜಾಗಕ್ಕೆ ಇಳಿಯುತ್ತದೆ.

## ಮಣ್ಣು ಮತ್ತು ಗೊಬ್ಬರ

ಕೆಂಪು ಮಣ್ಣಿಗೆ ಮೊದಲ ವರ್ಷ ಚದರ ಮೀಟರಿಗೆ 2ರಿಂದ 3 ಕೆ.ಜಿ.ಯಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸೇರಿಸಲಾಗುತ್ತದೆ. ತಿಪ್ಪೆಯ ಹಸಿ ಗೊಬ್ಬರವನ್ನು ನೇರವಾಗಿ ಹಾಕಿದರೆ ಗೊಣ್ಣೆಹುಳು ಮತ್ತು ಕಳೆಬೀಜಗಳು ತೋಟ ಸೇರುತ್ತವೆ. ಬೇಸಿಗೆಯಲ್ಲಿ ಕೆರೆಗಳಿಂದ ಹೂಳು ಮಣ್ಣನ್ನು ತಂದು ಹೊಲಕ್ಕೆ ಹೊಡೆಯುವ ಹಳೆಯ ರೂಢಿ ಕೈತೋಟಕ್ಕೂ ಒಪ್ಪುತ್ತದೆ. ಹೂಳಿನ ಜೇಡಿ ಅಂಶವು ಮರಳುಮಣ್ಣಿನ ತೇವ ಹಿಡಿಯುವ ಗುಣವನ್ನು ಹೆಚ್ಚಿಸುತ್ತದೆ. ತ್ಯಾಜ್ಯ ನೀರು ಸೇರುವ ಕೆರೆಗಳ ಹೂಳನ್ನು ಪರೀಕ್ಷೆ ಮಾಡಿಸದೆ ಬಳಸುವುದು ಸೂಕ್ತವಲ್ಲ.

ಹೊಂಗೆ ಹಿಂಡಿ, ಬೇವಿನ ಹಿಂಡಿ, ಎರೆಗೊಬ್ಬರ ಹಾಗೂ ಒಲೆಯ ಬೂದಿ ಇತರ ಸ್ಥಳೀಯ ಪೋಷಕಗಳು. ಸಾವಯವ ಕೃಷಿಕರು ಬಳಸುವ ಜೀವಾಮೃತವನ್ನು ಕೈತೋಟದ ಪ್ರಮಾಣಕ್ಕೆ ಇಳಿಸಿದರೆ 20 ಲೀಟರ್ ನೀರಿಗೆ 1 ಕೆ.ಜಿ. ಸಗಣಿ, 1 ಲೀಟರ್ ಗೋಮೂತ್ರ, 200 ಗ್ರಾಂ. ಬೆಲ್ಲ, 200 ಗ್ರಾಂ. ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಬದುವಿನ ಮಣ್ಣು ಬೇಕಾಗುತ್ತದೆ. ಹೈನುಗಾರಿಕೆ ವ್ಯಾಪಕವಾಗಿರುವ ಜಿಲ್ಲೆಯಾದುದರಿಂದ ಸಗಣಿ, ಗೋಮೂತ್ರಗಳು ಬಹುತೇಕ ಗ್ರಾಮಗಳಲ್ಲಿ ಸುಲಭವಾಗಿ ದೊರೆಯುತ್ತವೆ.

## ಬೆಳೆಗಳು ಮತ್ತು ಋತುಗಳು

- ಜೂನ್–ಸೆಪ್ಟೆಂಬರ್: ಬೆಂಡೆ, ಬದನೆ, ಮೆಣಸಿನಕಾಯಿ, ಹೀರೆ, ಸೋರೆ, ಹಾಗಲ, ಕುಂಬಳ, ಅಲಸಂದೆ, ದಂಟು, ಬಸಳೆ.
- ಅಕ್ಟೋಬರ್–ಜನವರಿ: ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಎಲೆಕೋಸು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಪಾಲಕ್, ಟೊಮೇಟೊ.
- ಫೆಬ್ರವರಿ–ಮೇ: ಗೋರಿಕಾಯಿ, ಬೆಂಡೆ, ಅಲಸಂದೆ, ಸೌತೆ, ಹರಿವೆ ಮತ್ತು ನೆರಳಿನಲ್ಲಿ ಬೆಳೆಯುವ ಸೊಪ್ಪುಗಳು.
- ಬಹುವಾರ್ಷಿಕಗಳು: ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿ, ಬಾಳೆ, ಚಪ್ಪರದವರೆ, ದೊಡ್ಡಪತ್ರೆ.

ಮರಗಳನ್ನು ತೋಟದ ಉತ್ತರ ಅಥವಾ ಪಶ್ಚಿಮದ ಅಂಚಿನಲ್ಲಿ ನೆಟ್ಟರೆ ಪಾತಿಗಳಿಗೆ ಬೆಳಗಿನ ಬಿಸಿಲು ತಪ್ಪುವುದಿಲ್ಲ. ಪಶ್ಚಿಮದ ಮರಗಳು ಬೇಸಿಗೆಯ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತವೆ. ತರಕಾರಿಗಳಿಗೆ ದಿನಕ್ಕೆ ಕನಿಷ್ಠ ಐದಾರು ತಾಸು ನೇರ ಬಿಸಿಲು ಬೇಕು. ಒಂದೇ ಪಾತಿಯಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿಗಳನ್ನು ಒಂದರ ಮೇಲೊಂದು ಬೆಳೆಯಬಾರದು. ಇವು ಒಂದೇ ಕುಟುಂಬದ ಸಸ್ಯಗಳಾದುದರಿಂದ ರೋಗ ಮತ್ತು ಜಂತುಹುಳುಗಳು ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ತಗಲುತ್ತವೆ. ನಡುವೆ ಅವರೆ, ಅಲಸಂದೆ, ಹುರುಳಿಕಾಯಿಯಂತಹ ದ್ವಿದಳ ಬೆಳೆಯನ್ನು ತಂದರೆ ಮಣ್ಣಿಗೆ ಸಾರಜನಕವೂ ಸೇರುತ್ತದೆ.

### ಅವರೆ

ಜಿಲ್ಲೆಯ ಆಹಾರದಲ್ಲಿ ಅವರೆಕಾಯಿಗೆ ಪ್ರಮುಖ ಸ್ಥಾನವಿದೆ. ಹಳೆಯ ತಳಿಗಳು ಹಗಲಿನ ಅವಧಿ ಕಡಿಮೆಯಾದಾಗ ಮಾತ್ರ ಹೂ ಬಿಡುವುದರಿಂದ, ಮುಂಗಾರಿನಲ್ಲಿ ಬಿತ್ತಿದರೂ ಕಾಯಿ ಸಿಗುವುದು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ. ಹಿತಕಿದ ಬೇಳೆಯ ಸಾರು ಈ ಕಾಲದ ವಿಶೇಷ ಅಡುಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ–3 ಮತ್ತು ಹೆಬ್ಬಾಳ ಅವರೆ–4 ತಳಿಗಳು ಹಗಲಿನ ಅವಧಿಯನ್ನು ಅವಲಂಬಿಸದೆ ವರ್ಷದ ಬೇರೆ ಕಾಲದಲ್ಲಿಯೂ ಕಾಯಿ ಬಿಡುತ್ತವೆ.

## ಬೀಜ

ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಸ್ಥಾಪನೆಯಾಯಿತು. ‘ಅರ್ಕಾ’ ಹೆಸರಿನ ಅದರ ತಳಿಗಳು ಈ ಪ್ರದೇಶದ ಹವೆಗೆ ಹೊಂದುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್, ದಂಟಿನಲ್ಲಿ ಅರ್ಕಾ ಸುಗುಣ, ಅಲಸಂದೆಯಲ್ಲಿ ಅರ್ಕಾ ಗರಿಮಾ, ಸೋರೆಯಲ್ಲಿ ಅರ್ಕಾ ಬಹಾರ್ ಪರಿಚಿತ ತಳಿಗಳು. ನುಗ್ಗೆಯಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಬಳಕೆಯಲ್ಲಿದೆ.

ಸ್ವಾವಲಂಬನೆಯ ದೃಷ್ಟಿಯಿಂದ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು ಮುಖ್ಯ. ಅವರೆ, ಹುರುಳಿಕಾಯಿ, ಅಲಸಂದೆ, ಮೆಂತ್ಯ, ಟೊಮೇಟೊಗಳಲ್ಲಿ ಸ್ವಕೀಯ ಪರಾಗಸ್ಪರ್ಶ ನಡೆಯುವುದರಿಂದ ಬೀಜ ತಾಯಿಗಿಡದ ಗುಣವನ್ನೇ ಬಹುಮಟ್ಟಿಗೆ ಹೊಂದಿರುತ್ತದೆ. ಹೀರೆ, ಸೋರೆ, ಕುಂಬಳ, ಮೂಲಂಗಿಗಳಲ್ಲಿ ಜೇನ್ನೊಣಗಳ ಮೂಲಕ ಅಕ್ಕಪಕ್ಕದ ತಳಿಗಳು ಬೆರೆಯುತ್ತವೆ. ಆದುದರಿಂದ ಒಂದು ಋತುವಿನಲ್ಲಿ ಒಂದೇ ತಳಿಯನ್ನು ಬೀಜಕ್ಕೆ ಬಿಡಬೇಕಾಗುತ್ತದೆ. ಸಂಕರಣ ತಳಿಗಳ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ಏಕರೂಪವಾಗಿ ಬರುವುದಿಲ್ಲ. ಎಲೆಕೋಸು, ಕ್ಯಾರೆಟ್‌ಗಳ ಬೀಜವನ್ನು ಕೊಳ್ಳುವುದೇ ವಾಡಿಕೆ. ಒಣಗಿಸಿದ ಬೀಜವನ್ನು ಬೂದಿ ಅಥವಾ ಬೇವಿನ ಎಲೆಯೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಹಳೆಯ ಸಂರಕ್ಷಣಾ ಕ್ರಮ.

## ಕೀಟ ಮತ್ತು ರೋಗಗಳು

ಸುತ್ತಲೂ ಟೊಮೇಟೊ ಹೊಲಗಳಿರುವ ಗ್ರಾಮಗಳಲ್ಲಿ ಕೈತೋಟದ ಟೊಮೇಟೊ ಗಿಡಗಳಿಗೆ ಅಪಾಯ ಹೆಚ್ಚು. ಬಿಳಿನೊಣ ಹರಡುವ ಎಲೆಮುರುಟು ನಂಜುರೋಗ ಮತ್ತು 2014ರಲ್ಲಿ ಭಾರತದಲ್ಲಿ ಮೊದಲು ಕಂಡುಬಂದ ಊಜಿ ಕೀಟವೆಂದು ರೈತರು ಕರೆಯುವ ಟೂಟಾ ಹುಳು ಇವುಗಳಲ್ಲಿ ಮುಖ್ಯವಾದವು. ಇಂತಹ ಕಡೆ ಟೊಮೇಟೊಗೆ ಕಡಿಮೆ ಜಾಗ ಕೊಟ್ಟು, ಸೊಪ್ಪು ಮತ್ತು ದ್ವಿದಳ ತರಕಾರಿಗಳಿಗೆ ಹೆಚ್ಚು ಜಾಗ ಬಿಡುವುದು ಲಾಭಕರ. ಪಕ್ಕದ ಹೊಲಕ್ಕೆ ಕೀಟನಾಶಕ ಸಿಂಪಡಿಸುವಾಗ ಗಾಳಿಯಲ್ಲಿ ತೇಲಿ ಬರುವ ಹನಿಗಳನ್ನು ತಡೆಯಲು ಅಂಚಿನಲ್ಲಿ ಜೋಳ ಅಥವಾ ಮೆಕ್ಕೆಜೋಳದ ಒತ್ತಾದ ಸಾಲುಗಳನ್ನು ಬೆಳೆಸಬಹುದು.

ಅಂಚಿನಲ್ಲಿ ಚೆಂಡು ಹೂವಿನ ಗಿಡಗಳನ್ನು ನೆಟ್ಟರೆ ಕಾಯಿಕೊರಕದ ಪತಂಗಗಳು ಅವುಗಳತ್ತ ಆಕರ್ಷಿತವಾಗುತ್ತವೆ. ಹಳದಿ ಅಂಟುಪಟ್ಟಿಗಳಿಗೆ ಬಿಳಿನೊಣ ಮತ್ತು ಹಾರುವ ಹೇನುಗಳು ಅಂಟಿಕೊಳ್ಳುತ್ತವೆ. ಬೇವಿನ ಬೀಜದ ಕಷಾಯಕ್ಕೆ ಲೀಟರ್ ನೀರಿಗೆ 50 ಗ್ರಾಂ. ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಸಂಜೆಯ ವೇಳೆ ಸಿಂಪಡಿಸಲಾಗುತ್ತದೆ. ಕೋತಿ, ನವಿಲು, ಕೋಳಿ, ಮೇಕೆಗಳ ಹಾವಳಿಗೆ ಬೇಲಿಯ ಹೊರತು ಸುಲಭವಾದ ಪರಿಹಾರವಿಲ್ಲ.

## ತಾಲ್ಲೂಕುಗಳ ವಿಶೇಷತೆ

ಕೋಲಾರ: ಟೊಮೇಟೊ ಮತ್ತು ಇತರ ತರಕಾರಿಗಳ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಮಾರುವ ನರ್ಸರಿಗಳು ಹತ್ತಿರದಲ್ಲಿರುವುದರಿಂದ ಕೈತೋಟಕ್ಕೆ ಬೇಕಾದ ಹತ್ತಿಪ್ಪತ್ತು ಸಸಿಗಳು ಸುಲಭವಾಗಿ ಸಿಗುತ್ತವೆ. ತೋಟಗಾರಿಕೆ ಮಹಾವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರ ಇದೇ ತಾಲ್ಲೂಕಿನಲ್ಲಿವೆ.

ಮಾಲೂರು: ಹೆಂಚು ಮತ್ತು ಇಟ್ಟಿಗೆ ಉದ್ಯಮಕ್ಕೆ ಹೆಸರಾದ, ಬೆಂಗಳೂರಿಗೆ ಸಮೀಪದ ತಾಲ್ಲೂಕು. ಇಟ್ಟಿಗೆಗಾಗಿ ಮೇಲ್ಮಣ್ಣು ತೆಗೆದ ಜಾಗಗಳಲ್ಲಿ ಮತ್ತು ನೀಲಗಿರಿ ತೆಗೆದ ನೆಲದಲ್ಲಿ ಮೊದಲ ಒಂದೆರಡು ವರ್ಷ ಹೆಚ್ಚು ಗೊಬ್ಬರ ಹಾಗೂ ಹಸಿರೆಲೆ ಗೊಬ್ಬರದ ಬೆಳೆಗಳು ಬೇಕಾಗುತ್ತವೆ. ಪಟ್ಟಣದ ಮನೆಗಳಲ್ಲಿ ತಾರಸಿಯ ಕುಂಡಗಳು ಹಿತ್ತಿಲಿನ ಸ್ಥಾನವನ್ನು ತುಂಬುತ್ತವೆ.

ಮುಳಬಾಗಿಲು: ಆಂಧ್ರಪ್ರದೇಶದ ಗಡಿಗೆ ಹೊಂದಿದ, ಬಂಡೆ ಬೆಟ್ಟಗಳ ತಾಲ್ಲೂಕು. ಮಣ್ಣಿನ ಆಳ ಕಡಿಮೆ ಇರುವ ಕಡೆ ಗುಂಡಿ ತೆಗೆದು ಕೆರೆಮಣ್ಣು, ಗೊಬ್ಬರ ತುಂಬಿ ನುಗ್ಗೆ, ಕುಂಬಳ, ಸೋರೆಗಳನ್ನು ನೆಡುವುದು ಸೂಕ್ತ.

ಶ್ರೀನಿವಾಸಪುರ: ಮಾವಿಗೆ ಪ್ರಸಿದ್ಧ. ಮಾವಿನ ಆದಾಯ ಬೇಸಿಗೆಯ ಕೆಲವು ವಾರಗಳಿಗೆ ಸೀಮಿತವಾಗಿರುವುದರಿಂದ ಉಳಿದ ತಿಂಗಳುಗಳಲ್ಲಿ ಅಡುಗೆಯ ಖರ್ಚನ್ನು ತಗ್ಗಿಸುವ ಕೈತೋಟಕ್ಕೆ ಇಲ್ಲಿ ಆರ್ಥಿಕ ಮಹತ್ವವಿದೆ. ಎಳೆಯ ಮಾವಿನ ತೋಪುಗಳ ಸಾಲುಗಳ ನಡುವೆ ಅಲಸಂದೆ, ಅವರೆ, ಹುರುಳಿಗಳನ್ನು ಬೆಳೆಯಬಹುದು.

## ಯೋಜನೆಗಳು ಮತ್ತು ಸಂಸ್ಥೆಗಳು

2018ರ ಮಾರ್ಚ್ 8ರಂದು ಆರಂಭವಾದ ಪೋಷಣ್ ಅಭಿಯಾನದಡಿ ಅಂಗನವಾಡಿಗಳಲ್ಲಿ ಪೋಷಣ ವಾಟಿಕೆಗಳಿಗೆ ಉತ್ತೇಜನ ದೊರೆಯಿತು. ಶಾಲಾ ಪೌಷ್ಟಿಕ ತೋಟಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಶಾಲಾ ಕೈತೋಟದ ಸೊಪ್ಪು, ಕರಿಬೇವು, ನುಗ್ಗೆ ಬಳಸುವ ರೂಢಿ ಇದೆ. ಮಹಾತ್ಮಾ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದಲ್ಲಿ ಪೌಷ್ಟಿಕ ಕೈತೋಟ ಮತ್ತು ಬಚ್ಚಲು ಗುಂಡಿಗಳ ಕಾಮಗಾರಿಗಳನ್ನು ಕೈಗೊಳ್ಳಲಾಗಿದೆ. ‘ಸಂಜೀವಿನಿ’ ಹೆಸರಿನ ರಾಜ್ಯ ಗ್ರಾಮೀಣ ಜೀವನೋಪಾಯ ಸಂವರ್ಧನಾ ಸಂಸ್ಥೆಯು ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಕೆಲಸ ಮಾಡುತ್ತದೆ. ಮಣ್ಣು ಪರೀಕ್ಷೆ, ತರಬೇತಿ ಮತ್ತು ಸಲಹೆಗಾಗಿ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಹಾಗೂ ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಗಳನ್ನು ಸಂಪರ್ಕಿಸಬಹುದು.

## ಮಿತಿಗಳು

ಕೈತೋಟಕ್ಕೆ ಮೊದಲು ಬೇಕಾದುದು ಜಾಗ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ. 30ಕ್ಕೂ ಹೆಚ್ಚು. ಇದು ರಾಜ್ಯದ ಜಿಲ್ಲೆಗಳಲ್ಲಿಯೇ ಅಧಿಕ ಪ್ರಮಾಣ. ಭೂಮಿಯಿಲ್ಲದ ಅನೇಕ ಕುಟುಂಬಗಳು ವಸತಿ ಯೋಜನೆಗಳ ಸಣ್ಣ ನಿವೇಶನಗಳಲ್ಲಿ ವಾಸಿಸುತ್ತವೆ. 20×30 ಅಡಿ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಹಿತ್ತಿಲಿಗೆ ಜಾಗ ಉಳಿಯುವುದಿಲ್ಲ. ಪೌಷ್ಟಿಕ ಆಹಾರದ ಕೊರತೆ ಹೆಚ್ಚು ಕಾಡುವ ಮನೆಗಳಿಗೇ ಕೈತೋಟ ದೂರವಾಗುವುದು ಈ ಪರಿಕಲ್ಪನೆಯ ದೊಡ್ಡ ತೊಡಕು. ಗೋಡೆಯ ಬದಿಯ ಒಂದು ನುಗ್ಗೆ, ಚೀಲದಲ್ಲಿ ಬೆಳೆಸಿ ಚಾವಣಿಗೆ ಹಬ್ಬಿಸಿದ ಒಂದು ಚಪ್ಪರದವರೆ ಬಳ್ಳಿ, ಅಥವಾ ಅಂಗನವಾಡಿ, ಶಾಲೆ, ದೇವಸ್ಥಾನದ ಆವರಣಗಳಲ್ಲಿ ಸ್ವಸಹಾಯ ಸಂಘಗಳು ನಡೆಸುವ ಸಾಮೂಹಿಕ ತೋಟಗಳು ಇದಕ್ಕೆ ಭಾಗಶಃ ಪರಿಹಾರಗಳು.

ಎರಡನೆಯದು ದುಡಿಮೆ. ನೀರು ತರುವುದು, ಕಳೆ ಕೀಳುವುದು, ಕೊಯ್ಲು ಮತ್ತು ಅಡುಗೆ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೇ ಬರುತ್ತವೆ. ಕೂಲಿ, ಹೈನುಗಾರಿಕೆ ಮತ್ತು ಮನೆಗೆಲಸಗಳ ಜೊತೆಗೆ ಇನ್ನೊಂದು ಹೊರೆಯಾದರೆ ತೋಟ ಒಂದೆರಡು ಋತುಗಳಲ್ಲಿ ಪಾಳು ಬೀಳುತ್ತದೆ. ಬಚ್ಚಲ ನೀರು ತಾನಾಗಿಯೇ ಪಾತಿಗೆ ಹರಿಯುವ ಏರ್ಪಾಡು ಮತ್ತು ಮನೆಮಂದಿಯೆಲ್ಲರ ನಡುವೆ ಕೆಲಸದ ಹಂಚಿಕೆ ಇದ್ದಲ್ಲಿ ತೋಟ ಉಳಿಯುವ ಸಾಧ್ಯತೆ ಹೆಚ್ಚು.

ಮೂರನೆಯದಾಗಿ, ಕೈತೋಟವು ಧಾನ್ಯ, ಬೇಳೆ, ಎಣ್ಣೆಗಳ ಅಗತ್ಯವನ್ನು ಪೂರೈಸುವುದಿಲ್ಲ. ಅಂತರ್ಜಲ ಕುಸಿತ, ಫ್ಲೋರೈಡ್ ಅಥವಾ ಬೆಲೆಯ ಏರುಪೇರುಗಳಂತಹ ಸಮಸ್ಯೆಗಳನ್ನು ನೀಗಿಸುವುದೂ ಇಲ್ಲ. ಕುಟುಂಬದ ಊಟದಲ್ಲಿ ಸೊಪ್ಪು, ತರಕಾರಿ ತಪ್ಪದಂತೆ ನೋಡಿಕೊಳ್ಳುವುದು, ಸಂತೆಯ ಖರ್ಚನ್ನು ತಗ್ಗಿಸುವುದು ಮತ್ತು ಸ್ಥಳೀಯ ಬೀಜಗಳನ್ನು ಮುಂದಿನ ಬಿತ್ತನೆಗೆ ಉಳಿಸಿಕೊಳ್ಳುವುದು ಅದರ ವ್ಯಾಪ್ತಿ. ಈ ಮೂರೂ ಕೆಲಸಗಳು ಹತ್ತು ಚದರ ಮೀಟರ್ ನೆಲ ಮತ್ತು ಮೂರ್ನಾಲ್ಕು ಬಿಂದಿಗೆ ನೀರಿನಿಂದ ಆರಂಭವಾಗಬಲ್ಲವು.